ಸಪ್ಪನ ಬಿಸ್ಕೀಟು

ದ್ರಾಕ್ಷಾಯಿಣಿಯ ಎರಡೂ ಕಿಡ್ನಿ ಕೆಟ್ಟಿವೆ ಎಂದು ಗೊತ್ತಾದದ್ದು ೨೦೦೭ರ ದೀಪಾವಳಿ ಕಳೆದ ವಾರ. ಆಗ ಅವಳಿಗೆ ಮೂವತ್ತೊಂಬತ್ತು ವರ್ಷ. ರಾಣೆಬೆನ್ನೂರಿನಿಂದ ದೇವರಗುಡ್ಡದ ಕಡೆ ಹೋಗುವ ರಸ್ತೆಯ ಒಂದು ಸಣ್ಣ ಊರಿನಲ್ಲಿ ಅವಳು ಅಂಗನವಾಡಿ ಟೀಚರು. ಮಗಳು ಅರುಣಾಳನ್ನು ಹೆರುವಾಗ ಏರಿದ್ದ ಬಿಪಿ ಆಮೇಲೆ ಇಳಿಯಿತೋ ಇಲ್ಲವೋ ಎಂದು ಯಾರೂ ನೋಡಿರಲಿಲ್ಲ. ತಲೆ ನೋಯುತ್ತಿತ್ತು, ಗುಳಿಗೆ ನುಂಗುತ್ತಿದ್ದಳು, ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ಹದಿನಾರು ವರ್ಷ ಹಾಗೇ ನಡೆಯಿತು. ಒಂದು ದಿನ ಬೆಳಿಗ್ಗೆ ಕಾಲು ಬಾತು ಚಪ್ಪಲಿಯೇ ಹಿಡಿಸಲಿಲ್ಲ.

ಅವಳ ಗಂಡ ಮನೋಹರನದು ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಬೇಕರಿ. ಅಪ್ಪನ ಕಾಲದ ಕಟ್ಟಿಗೆ ಭಟ್ಟಿಯಲ್ಲೇ ಬ್ರೆಡ್ಡು, ಬನ್ನು, ಟೋಸ್ಟು, ಬಿಸ್ಕೀಟು ಸುಡುತ್ತಿದ್ದ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಹೆಂಡತಿಯ ಕಾಯಿಲೆಯನ್ನೂ ಅವನು ಹಾಗೇ ಹಿಡಿದುಕೊಂಡ. ಹಾವೇರಿಯ ಒಂದು ಖಾಸಗಿ ದವಾಖಾನೆಯಲ್ಲಿ ಆಗಷ್ಟೇ ಮೂರು ಡಯಾಲಿಸಿಸ್ ಯಂತ್ರ ಬಂದಿದ್ದವು. ಸೋಮವಾರ, ಗುರುವಾರ ಬೆಳಿಗ್ಗೆ ಆರೂವರೆಯ ಬಸ್ಸು ಹತ್ತಿ ಅವಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ. ನಾಲ್ಕು ತಾಸು ಯಂತ್ರ ರಕ್ತ ತೊಳೆಯುತ್ತಿತ್ತು, ಅವನು ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದ. ಮಧ್ಯಾಹ್ನ ಇಬ್ಬರೂ ಊರಿಗೆ.

ಊಟದ ಪಟ್ಟಿಯನ್ನು ಡಾಕ್ಟರು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಹಾಲು ಬೇಡ, ಮೊಸರು ಬೇಡ, ಶೇಂಗಾ ಬೇಡ, ಪುಟಾಣಿ ಬೇಡ, ಕೊಬ್ಬರಿ ಬೇಡ, ಬೇಳೆ ಕಡಿಮೆ, ಉಪ್ಪು ಕಡಿಮೆ. ಜೋಳದ ರೊಟ್ಟಿಯೂ ಬೇಡ, ಬಿಳಿ ಅನ್ನ ಸಾಕು. ರಕ್ತದಲ್ಲಿ ರಂಜಕ ಏರಬಾರದು. ನೆಟ್ಟಗಿದ್ದವರ ಕಿಡ್ನಿ ಹೆಚ್ಚಾದ ರಂಜಕವನ್ನು ಹೊರಗೆ ಹಾಕುತ್ತದೆ. ಇವಳಿಗೆ ಆ ದಾರಿ ಮುಚ್ಚಿದೆ, ಯಂತ್ರ ತೆಗೆಯುವುದು ಸ್ವಲ್ಪ ಮಾತ್ರ. ಉಳಿದದ್ದು ಎಲುಬು ತಿನ್ನುತ್ತದೆ, ರಕ್ತನಾಳದಲ್ಲಿ ಸುಣ್ಣ ಕಟ್ಟುತ್ತದೆ, ಮೈ ತುರಿಸುತ್ತದೆ. ಊಟದ ಜೊತೆ ಅಗಿಯಲು ದೊಡ್ಡ ಬಿಳಿ ಗುಳಿಗೆ ಕೊಟ್ಟಿದ್ದರು. ದ್ರಾಕ್ಷಾಯಿಣಿ ಮೊದಲ ದಿನವೇ ನಕ್ಕು ಅಂದಳು: "ಸಾಲ್ಯಾಗ ಹುಡುಗ್ರು ಸೀಮೆಸುಣ್ಣ ತಿಂದ್ರ ಬೈತಿದ್ದೆ. ಈಗ ನಾನ ತಿನ್ನಾಕತ್ತೀನಿ."

ಆ ನಗು ಬಹಳ ದಿನ ಇರಲಿಲ್ಲ. ಬಾಯಿಗೆ ಕಬ್ಬಿಣದ ರುಚಿ, ಅನ್ನ ಕಂಡರೆ ವಾಂತಿ. ಶೇಂಗಾ ಚಟ್ನಿ, ಮೊಸರು ಇಲ್ಲದ ತಾಟಿನ ಮುಂದೆ ಅವಳು ಸುಮ್ಮನೆ ಕೂತು ಏಳುತ್ತಿದ್ದಳು. ಎರಡು ತಿಂಗಳಲ್ಲಿ ಕುಪ್ಪಸದ ತೋಳು ಜೋಲಾದವು. ಮನೋಹರ ಅದನ್ನು ನೋಡಲಾರದೆ ಭಟ್ಟಿಗೆ ಹೋದ. ಹಾಲಿಲ್ಲ, ತತ್ತಿಯಿಲ್ಲ, ಉಪ್ಪಿಲ್ಲ. ಮೈದಾ, ಸಕ್ಕರೆ, ಡಾಲ್ಡಾ, ಒಂದಿಷ್ಟು ಏಲಕ್ಕಿ. ಮೊದಲ ಸಲ ಸುಟ್ಟ ಬಿಸ್ಕೀಟು ಹಂಚಿನ ಚೂರಿನಂತಿತ್ತು. ಎರಡನೆಯದು ಬಾಯಲ್ಲಿ ಅಂಟಿತು. ನಾಲ್ಕನೇ ದಿನ ಅವನು ಬೇಕಿಂಗ್ ಪೌಡರನ್ನು ಎರಡು ಪಾಲು ಹಾಕಿದ. ಬಿಸ್ಕೀಟು ಉಬ್ಬಿ, ಹಗುರಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಂತೆ ಬಂತು.

ದ್ರಾಕ್ಷಾಯಿಣಿ ಒಂದು ತಿಂದಳು. ಇನ್ನೊಂದು ತೆಗೆದುಕೊಂಡಳು. ನಾಲ್ಕು ತಿಂದು ಬೆರಳಿಗೆ ಹತ್ತಿದ ಪುಡಿಯನ್ನೂ ನೆಕ್ಕಿದಳು.

"ಚೊಲೋ ಆಗ್ಯಾವ್ರಿ," ಅಂದಳು. "ನಾಳೆನೂ ಮಾಡ್ರಿ."

ಮನೋಹರ ಮೈದಾ ಹತ್ತಿದ ಕೈಯಿಂದಲೇ ಕಣ್ಣು ಒರೆಸಿಕೊಂಡ. ಅಂದಿನಿಂದ ಅವಳ ಊಟವೇ ಅದಾಯಿತು. ಬೆಳಿಗ್ಗೆ ನಾಲ್ಕು, ಅಂಗನವಾಡಿಗೆ ಡಬ್ಬಿಯಲ್ಲಿ ನಾಲ್ಕು, ಸಂಜೆ ನಾಲ್ಕು. ಮನೆಯಲ್ಲಿ ಅದಕ್ಕೆ ಸಪ್ಪನ ಬಿಸ್ಕೀಟು ಎಂದೇ ಹೆಸರಾಯಿತು.

ದವಾಖಾನೆಯ ಆ ಕೋಣೆಯಲ್ಲಿ ಅವರಂತೆಯೇ ಬರುವವರು ಇನ್ನಿಬ್ಬರಿದ್ದರು. ಒಬ್ಬಳು ಬ್ಯಾಡಗಿಯ ಬಿಸ್ಮಿಲ್ಲಾಬಿ, ಐವತ್ತು ದಾಟಿದವಳು. ಮಾರ್ಕೆಟ್ಟಿನ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸ ಮಾಡುತ್ತಿದ್ದಳು. ಕೈ ತೊಳೆದರೂ ಬೆರಳ ಸಂದಿಯ ಕೆಂಪು ಹೋಗುತ್ತಿರಲಿಲ್ಲ. ಇನ್ನೊಬ್ಬರು ಗುತ್ತಲದ ವಿರೂಪಾಕ್ಷಪ್ಪ, ನಿವೃತ್ತ ಬಸ್ ಕಂಡಕ್ಟರು. ಯಂತ್ರ ಶುರುವಾದ ಕೂಡಲೇ "ರೈಟ್, ರೈಟ್" ಎಂದು ನರ್ಸಮ್ಮನನ್ನು ನಗಿಸುತ್ತಿದ್ದರು. ಇಬ್ಬರಿಗೂ ಏನು ತಿಂದರೂ ಹೊಟ್ಟೆ ತೊಳಸುತ್ತಿತ್ತು. ಮನೋಹರ ಒಂದು ಗುರುವಾರ ಇಬ್ಬರಿಗೂ ಒಂದೊಂದು ಪೊಟ್ಟಣ ಒಯ್ದುಕೊಟ್ಟ.

"ಮನೋಹರಣ್ಣಾರ, ಇದು ಬಾಯಿಗೆ ಹತ್ತಿದಂಗ ಯಾವ ಔಷಧನೂ ಹತ್ತಿಲ್ರಿ," ಎಂದು ಬಿಸ್ಮಿಲ್ಲಾಬಿ ಮುಂದಿನ ಸಲ ಪೊಟ್ಟಣದ ಖಾಲಿ ಹಾಳೆ ತೋರಿಸಿದಳು. ವಿರೂಪಾಕ್ಷಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ನಿಮ್ಮ ಬೇಕರಿ ಗುತ್ತಲಕ್ಕ ತರ್ರಿ, ಜಾಗಾ ನಾ ಕೊಡಸ್ತೀನಿ," ಅಂದರು. ಆಮೇಲೆ ಪ್ರತಿ ವಾರ ಮೂರು ಮನೆಯ ಬಿಸ್ಕೀಟು ಒಂದೇ ತಾಟಿನಲ್ಲಿ ಬೇಯತೊಡಗಿತು. ಮನೋಹರನಿಗೆ ಆ ದಿನಗಳಲ್ಲಿ, ಕಾಯಿಲೆಯ ನಡುವೆಯೂ, ಒಂದು ಬಗೆಯ ಸಮಾಧಾನವಿತ್ತು.

ಜುಲೈ ತಿಂಗಳ ರಕ್ತಪರೀಕ್ಷೆಯಲ್ಲಿ ದ್ರಾಕ್ಷಾಯಿಣಿಯ ರಂಜಕ ಏಳೂ ಮುಕ್ಕಾಲು ಬಂತು. ಐದೂವರೆ ದಾಟಬಾರದು. ಆಗಸ್ಟಿನಲ್ಲಿ ಎಂಟೂವರೆ. ಅಷ್ಟರಲ್ಲಿ ತುರಿಕೆ ಶುರುವಾಗಿತ್ತು. ಮೊದಲು ಬೆನ್ನು, ಆಮೇಲೆ ತೋಳು, ಆಮೇಲೆ ಅಂಗಾಲು. ಚರ್ಮದ ಮೇಲೆ ಏನೂ ಕಾಣುತ್ತಿರಲಿಲ್ಲ, ತುರಿಕೆ ಒಳಗಿನಿಂದ ಬರುತ್ತಿತ್ತು. ಅವಳು ಬಾಚಣಿಗೆಯಿಂದ ಕೆರೆದುಕೊಂಡಳು, ತೆಂಗಿನ ನಾರಿನಿಂದ ಉಜ್ಜಿಕೊಂಡಳು. ತೋಳಿನ ಮೇಲೆ ರಕ್ತದ ಗೆರೆಗಳು ಒಣಗಿ ಮತ್ತೆ ಹಸಿಯಾಗುತ್ತಿದ್ದವು. ಕಣ್ಣು ಸದಾ ಕೆಂಪು.

ಹುಬ್ಬಳ್ಳಿಯಿಂದ ಗುರುವಾರ ಬರುತ್ತಿದ್ದ ಕಿಡ್ನಿ ಡಾಕ್ಟರು ಎಲ್ಲರೆದುರಿಗೇ ಗದರಿದರು.

"ಹಾಲು ಕುಡಿಯಾಕತ್ತೀರೇನಮ್ಮಾ?"

"ಇಲ್ರಿ ಡಾಕ್ಟ್ರ."

"ಶೇಂಗಾ?"

"ಮುಟ್ಟಿಲ್ರಿ."

"ಹಂಗಾದ್ರ ಇದು ಮ್ಯಾಲಿಂದ ಬರ್ತೈತೇನು? ರಿಪೋರ್ಟ್ ಸುಳ್ಳ ಹೇಳೂದಿಲ್ಲ. ನೀವು ಹೇಳ್ತೀರಿ." ಮನೋಹರನ ಕಡೆ ತಿರುಗಿ, "ಮನ್ಯಾಗ ಒಂದೀಟ ಲಕ್ಷ್ಯ ಇಡ್ರಿ," ಅಂದರು.

ಬಸ್ಸಿನಲ್ಲಿ ಬರುವಾಗ, ಮೋಟೆಬೆನ್ನೂರು ದಾಟಿದ ಮೇಲೆ ಮನೋಹರ ಮೆಲ್ಲಗೆ ಕೇಳಿದ: "ಖರೇ ಹೇಳು. ಏನರ ತಿಂದಿ?"

"ನೀವೂ ಕೇಳ್ತೀರೇನ್ರಿ?" ಎಂದು ಅವಳು ಕಿಟಕಿಯ ಕಡೆ ಮುಖ ಮಾಡಿದಳು.

ಅವನಿಗೆ ನಂಬಬೇಕೆಂಬ ಆಸೆಯಿತ್ತು. ಆದರೆ ಪ್ರತಿ ತಿಂಗಳು ಅಂಕಿ ಏರುತ್ತಿತ್ತು, ಅಂಕಿಗೆ ಅವಳ ಹಾಗೆ ಅಳಲು ಬರುತ್ತಿರಲಿಲ್ಲ. ಮನೆಯಲ್ಲಿ ಬೇರೆ ಯಾರು ಏನು ತಿನ್ನುತ್ತಾರೆ ಎಂದು ಅವನು ಗಮನಿಸತೊಡಗಿದ. ಮಗಳ ಚಹಾದ ಹಾಲು ಕಡಿಮೆಯಾಗಿದೆಯೇ ಎಂದು ಪಾತ್ರೆ ಓರೆ ಮಾಡಿ ನೋಡುತ್ತಿದ್ದ. ಪಕ್ಕದ ಮನೆಯ ಪ್ರೇಮವ್ವನಿಗೆ, ಇವಳು ಬಂದು ಮಜ್ಜಿಗೆ ಕೇಳಿದರೆ ಕೊಡಬೇಡಿ ಎಂದು ಹೇಳಿ ಬಂದ. ಅಕ್ಟೋಬರಿನಲ್ಲಿ ಅಂಕಿ ಒಂಬತ್ತಕ್ಕೆ ಬಂದಾಗ ಅಡುಗೆಮನೆಯ ಕಪಾಟಿಗೆ ಕೀಲಿ ಹಾಕಿದ. ಹಾಲು, ಶೇಂಗಾ, ಪುಟಾಣಿ, ಬೇಳೆ ಎಲ್ಲ ಒಳಗೆ. ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡ.

ದ್ರಾಕ್ಷಾಯಿಣಿ ಕೀಲಿಯನ್ನು ನೋಡಿ, ಹೊರಗೆ ಹೋಗಿ ಕೂತಳು. ಅರುಣಾ ಆಗ ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಅವಳೇ ಜಗಳಕ್ಕೆ ನಿಂತಳು.

"ಅವ್ವ ಕಳ್ಳಿ ಏನ್ ಅಪ್ಪಾಜಿ?"

"ಆಕಿ ಉಳೀಬೇಕಲ್ಲ," ಎಂದ ಮನೋಹರ. "ನಿನಗ ಅವ್ವ ಬೇಕೋ ಬ್ಯಾಡೋ?"

ಅರುಣಾ ಪುಸ್ತಕ ಎತ್ತಿಕೊಂಡು ಒಳಗೆ ಹೋದಳು.

ಇಷ್ಟಾದರೂ ಅಂಕಿ ಇಳಿಯಲಿಲ್ಲ. ಹಾಗಾದರೆ ಮನೆಯ ಹೊರಗೆ ತಿನ್ನುತ್ತಾಳೆ ಎಂದು ಅವನಿಗೆ ಅನ್ನಿಸಿತು. ನವೆಂಬರಿನ ಒಂದು ಸೋಮವಾರ ಹಾವೇರಿಗೆ ಅರುಣಾಳನ್ನು ಜೊತೆಗೆ ಕಳಿಸಿ, ತಾನು ಬೈಕು ಹತ್ತಿ ಅಂಗನವಾಡಿಗೆ ಹೋದ. ಅಲ್ಲಿ ಅಡುಗೆ ಮಾಡುವ ಸಹಾಯಕಿ ಉಚ್ಚಂಗೆವ್ವ ಮಕ್ಕಳಿಗೆ ಉಸುಳಿ ಹಾಕುತ್ತಿದ್ದಳು. ಅವಳನ್ನು ಪಕ್ಕಕ್ಕೆ ಕರೆದು ಕೇಳಿದ: "ಟೀಚರು ಮಕ್ಕಳ ಶೇಂಗಾ, ಹೆಸರುಕಾಳು ಏನರ ತಿಂತಾರೇನವ್ವಾ? ಬೈಯೂದಿಲ್ಲ, ಆರಾಮ ಇಲ್ಲಂತ ಕೇಳಾಕತ್ತೀನಿ."

ಉಚ್ಚಂಗೆವ್ವ ಸೌಟು ಹಿಡಿದುಕೊಂಡೇ ನಿಂತಳು. "ನಿಮ್ಮ ಬಿಸ್ಕೀಟು ಬಿಟ್ರ ಬಾಯಾಗ ಏನೂ ಹಾಕೂದಿಲ್ರಿ ಅಕ್ಕಾರು," ಅಂದಳು. ಉತ್ತರ ಅದರಲ್ಲೇ ಇತ್ತು. ಮನೋಹರನಿಗೆ ಕೇಳಿಸಲಿಲ್ಲ.

ಮರುದಿನ ಉಚ್ಚಂಗೆವ್ವ ದ್ರಾಕ್ಷಾಯಿಣಿಗೆ ನಡೆದದ್ದನ್ನು ಹೇಳಿದಳು. ಅವಳು ಮಧ್ಯಾಹ್ನದ ಬಸ್ಸಿಗೇ ಮನೆಗೆ ಬಂದಳು. ಬೇಕರಿಯ ಮುಂದೆ ಗಿರಾಕಿಗಳಿದ್ದರು. ಅವರು ಹೋಗುವವರೆಗೆ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಒಳಗೆ ಬಂದು ಕೇಳಿದಳು:

"ನಾನು ಕೂಸುಗಳ ಅನ್ನ ಕದ್ದ ತಿಂತೀನಿ ಅಂತ ತಿಳಕೊಂಡೀರಿ?"

"ಹಂಗಲ್ಲ, ದ್ರಾಕ್ಷಾಯಿಣಿ..."

"ಹಂಗ. ಇನ್ನ ಆ ಊರಾಗ ನಾ ಹೆಂಗ ಮುಖಾ ತೋರಸ್ಲಿ?"

ಆ ವಾರವೇ ಅವಳು ಕೆಲಸ ಬಿಟ್ಟಳು. ಹದಿನೇಳು ವರ್ಷ ನಡೆಸಿದ ಅಂಗನವಾಡಿ. ದಿನವಿಡೀ ಮನೆಯಲ್ಲಿ ಗೋಡೆಗೆ ಬೆನ್ನು ತಿಕ್ಕುತ್ತ ಕೂರುತ್ತಿದ್ದಳು. ಗಂಡ ಮುಂದಿಟ್ಟ ಬಿಸ್ಕೀಟನ್ನು ಮಾತ್ರ ತಿನ್ನುತ್ತಿದ್ದಳು. ಬೇರೆ ಏನು ತಿಂದರೂ ತಪ್ಪು ಎಂದಾದ ಮೇಲೆ, ತಪ್ಪಲ್ಲ ಎಂದು ಅವಳಿಗೆ ಖಾತ್ರಿಯಿದ್ದ ಒಂದೇ ವಸ್ತು ಅದು.

ಡಿಸೆಂಬರಿನಲ್ಲಿ ವಿರೂಪಾಕ್ಷಪ್ಪ ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು ಅಂಗಳಕ್ಕೆ ಬಂದವರು ಅಲ್ಲೇ ಕುಸಿದರಂತೆ. ಗುರುವಾರ ಅವರ ಮಂಚ ಖಾಲಿಯಿತ್ತು, ಮುಂದಿನ ಗುರುವಾರ ಅಲ್ಲಿ ಬೇರೆ ಯಾರೋ ಮಲಗಿದ್ದರು.

೨೦೦೯ರ ಫೆಬ್ರವರಿಯಲ್ಲಿ ಡಾಕ್ಟರ ಜೊತೆ ಮೀನಾಕ್ಷಿ ಎಂಬ ಹುಡುಗಿ ಬಂದಳು. ರೋಗಿಗಳ ಊಟ ನೋಡಿಕೊಳ್ಳುವುದು ಅವಳ ಓದು. ವಯಸ್ಸು ಇಪ್ಪತ್ತೈದೋ ಇಪ್ಪತ್ತಾರೋ, ಮೊದಲ ಕೆಲಸ. ಅವಳು ದ್ರಾಕ್ಷಾಯಿಣಿಯ ರಿಪೋರ್ಟುಗಳನ್ನು ಒಂದೊಂದಾಗಿ ನೋಡಿ, ಗದರದೆ, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ಏನು ತಿನ್ನೂದಿಲ್ಲ ಅಂತ ಎಲ್ಲಾರೂ ಕೇಳ್ಯಾರ. ಏನು ತಿಂತೀರಿ, ಅದನ್ನ ಹೇಳ್ರಿ."

"ಅನ್ನ ಒಂದೆರಡು ತುತ್ತ. ಸಪ್ಪನ ಬಿಸ್ಕೀಟು."

"ಎಷ್ಟು?"

"ಹನ್ನೆರಡು. ಒಮ್ಮೊಮ್ಮೆ ಹದಿನೈದೂ ಆಗ್ತಾವ್ರಿ."

ಹೊರಗಿನ ಬೆಂಚಿನಿಂದ ಮನೋಹರನನ್ನು ಕರೆಸಿದರು. ಅವನು ಬೆರಳು ಮಡಿಸುತ್ತ ಹೇಳಿದ: ಮೈದಾ, ಸಕ್ಕರೆ, ಡಾಲ್ಡಾ, ಏಲಕ್ಕಿ, ಪೌಡರು. ಹಾಲಿಲ್ಲ, ತತ್ತಿಯಿಲ್ಲ, ಉಪ್ಪಿಲ್ಲ.

"ಪೌಡರ್ ಅಂದ್ರ?"

"ಉಬ್ಬಾಕ ಹಾಕೂದ್ರಿ. ಬೇಕಿಂಗ್ ಪೌಡರ್. ತತ್ತಿ ಇಲ್ಲಲ್ರಿ, ಅದಕ್ಕ ಎರಡ ಪಾಲು ಹಾಕ್ತೀನಿ."

ಮೀನಾಕ್ಷಿ ಬರೆಯುತ್ತಿದ್ದ ಪೆನ್ನು ನಿಂತಿತು. "ಆ ಡಬ್ಬಿ ಮ್ಯಾಲ ಏನು ಬರದಾರ, ಓದಿಸಿ ಹೇಳ್ರಿ," ಅಂದಳು.

ಆ ಮಧ್ಯಾಹ್ನ ಊರಿಗೆ ಬಂದವನೇ ಮನೋಹರ ನೇರ ಬೇಕರಿಗೆ ಹೋದ. ಅದೇ ಡಬ್ಬಿಯನ್ನು ಅವನು ದಿನಾ ತೆರೆಯುತ್ತಿದ್ದ. ಮುಚ್ಚಳದ ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಿದ್ದವು, ಅವುಗಳ ಮೇಲೆ ಮೈದಾ ಕೂತಿತ್ತು. ಒರೆಸಿ ಮಗಳ ಕೈಗೆ ಕೊಟ್ಟ. ಅರುಣಾ ಕಣ್ಣು ಕಿರಿದು ಮಾಡಿ ಓದಿದಳು.

"ಸೋಡಾ... ಸ್ಟಾರ್ಚ್... ಆಸಿಡ್ ಕ್ಯಾಲ್ಸಿಯಂ ಫಾಸ್ಫೇಟ್."

"ಹಂಗಂದ್ರ?"

ಅವಳ ಕೆಮಿಸ್ಟ್ರಿ ಪುಸ್ತಕದಲ್ಲಿ ಅದು ಇತ್ತು.

"ಫಾಸ್ಫೇಟ್ ಅಂದ್ರ ರಂಜಕ ಇರೂದು, ಅಪ್ಪಾಜಿ," ಅಂದಳು.

ಬ್ರೆಡ್ಡಿಗೆ ಹಾಕುವ ಇನ್ನೊಂದು ಪುಡಿಯ ಚೀಲ ತಂದ. ಅದರ ಮೇಲೆ ತೂಕ ಬಿಟ್ಟರೆ ಏನೂ ಬರೆದಿರಲಿಲ್ಲ. ಆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೋಹರ ಭಟ್ಟಿಯ ಮುಂದಿನ ಸ್ಟೂಲಿನ ಮೇಲೆ ಕೂತ. ಒಳಗೆ ಸಂಜೆಯ ಬನ್ನು ಕರಕಾಗುವ ವಾಸನೆ ಬಂದರೂ ಏಳಲಿಲ್ಲ. ಅರುಣಾಳೇ ತಾಟು ಹೊರಗೆಳೆದಳು.

ಮುಂದಿನ ಸೋಮವಾರ ಅವನು ದವಾಖಾನೆಯಿಂದ ಮೀನಾಕ್ಷಿಗೆ ಫೋನು ಮಾಡಿಸಿದ. ಅವಳು ಬಿಡಿಸಿ ಹೇಳಿದಳು. ಬೇಳೆಯಲ್ಲಿ ಇರುವ ರಂಜಕ ಅರ್ಧದಷ್ಟು ಮೈಗೆ ಸೇರಿದರೆ ಹೆಚ್ಚು. ಪುಡಿಯ ರೂಪದಲ್ಲಿ ಬೆರೆಸಿದ್ದು ಹೆಚ್ಚೂಕಡಿಮೆ ಪೂರಾ ರಕ್ತಕ್ಕೆ ಹೋಗುತ್ತದೆ. ಬಿಸ್ಕೀಟು, ಕೇಕು ಅಷ್ಟೇ ಅಲ್ಲ. ಕರಿ ಬಣ್ಣದ ತಂಪು ಪಾನೀಯ, ಪ್ಯಾಕೆಟ್ಟಿನ ಶಾವಿಗೆ, ಚೀಸು, ಎಲ್ಲದರಲ್ಲೂ ಒಂದಲ್ಲ ಒಂದು ಹೆಸರಿನಲ್ಲಿ ಇರುತ್ತದೆ. ಉಬ್ಬಲಿ ಎಂದು, ಗಂಟು ಕಟ್ಟದಿರಲಿ ಎಂದು, ಹುಳಿ ಬರಲಿ ಎಂದು ಹಾಕುತ್ತಾರೆ. ಎಷ್ಟು ಹಾಕಿದ್ದಾರೆ ಎಂದು ಯಾರೂ ಬರೆಯುವುದಿಲ್ಲ. ನೆಟ್ಟಗಿದ್ದವರು ತಿಂದು ಹೊರಗೆ ಹಾಕುತ್ತಾರೆ.

"ನಮ್ಮ ಹಾಳ್ಯಾಗೂ ಇದನ್ನ ಬರದಿರ್ಲಿಲ್ರಿ," ಎಂದಳು ಅವಳು ಕೊನೆಗೆ. "ನಿಮಗ ಗೊತ್ತಾಗೂದಾದ್ರೂ ಹೆಂಗ?"

ಆ ಹೊತ್ತಿಗೆ ದ್ರಾಕ್ಷಾಯಿಣಿ ಯಂತ್ರಕ್ಕೆ ಸೇರಿಕೊಂಡು ಮಲಗಿದ್ದಳು. ಮನೋಹರ ಮೂರು ದಿನ ಬಾಯಿ ಬಿಟ್ಟಿರಲಿಲ್ಲ, ಬಿಸ್ಕೀಟು ಸುಟ್ಟಿಲ್ಲ ಎಂದಷ್ಟೇ ಹೇಳಿ ಅನ್ನದ ಗಂಜಿ ಕುಡಿಸಿದ್ದ. ಅವತ್ತು ಮನೆಗೆ ಬಂದ ಮೇಲೆ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ, ಅವಳ ತೋಳಿನ ಗಾಯಗಳನ್ನು ನೋಡುತ್ತಿದ್ದ. ಎಲ್ಲ ಹೇಳಿ ಮುಗಿಸಿ, ಉಡದಾರದಿಂದ ಕೀಲಿಕೈ ಬಿಚ್ಚಿ ಅವಳ ಮುಂದೆ ಇಟ್ಟ.

ಅವಳು ತೋಳಿನ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಅಂದಳು:

"ಬಿಸ್ಕೀಟಿನ್ಯಾಗ ಏನೈತಿ ಅಂತ ನಿಮಗ ಗೊತ್ತಿರ್ಲಿಲ್ಲ. ಅದಕ್ಕ ನಾ ಏನೂ ಅನ್ನೂದಿಲ್ಲ. ಪ್ರೀತಿಲೆ ಮಾಡಿದ್ರಿ, ಪ್ರೀತಿಲೆ ತಿಂದೀನಿ."

ಮನೋಹರ ತಲೆ ಎತ್ತಿದ.

"ಆದ್ರ ನಾನು ನಿಮಗ ಗೊತ್ತಿದ್ನೆಲ್ರಿ. ಹತ್ತೊಂಬತ್ತ ವರ್ಷದಿಂದ ಗೊತ್ತಿದ್ನೆಲ್ಲ."

ಕೀಲಿಕೈಯನ್ನು ಅವಳು ಮುಟ್ಟಲಿಲ್ಲ. ಎರಡು ದಿನ ಅಲ್ಲೇ ಬಿದ್ದಿತ್ತು, ಕಸ ಗುಡಿಸುವಾಗ ಅರುಣಾ ಎತ್ತಿಟ್ಟಳು.

ಬಿಸ್ಮಿಲ್ಲಾಬಿಗೆ ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಗುರುವಾರ ಅವಳ ಮಂಚದ ಬಳಿ ನಿಂತು ಹೇಳಿದಾಗ ಅವಳು ಮೊದಲು ಕೇಳಿದ್ದು ತನ್ನ ವಿಷಯವಲ್ಲ. "ಮೊಮ್ಮಕ್ಕಳೂ ತಿಂದಾವ್ರಿ ಅಣ್ಣಾರ. ಅವಕ್ಕೇನರ ಆಕ್ಕೈತೇನು?" ಆಗುವುದಿಲ್ಲ ಎಂದ ಮೇಲೆ ಉಸಿರು ಬಿಟ್ಟಳು. ಆಮೇಲೆ ತನ್ನ ಕೆಂಪು ಬೆರಳುಗಳನ್ನು ನೋಡುತ್ತ, "ಇನ್ನ ನನಗ ತಿನ್ನಾಕ ಏನ ಉಳೀತ್ರಿ?" ಅಂದಳು. ಬೈಯಲಿಲ್ಲ. ಬೈದಿದ್ದರೆ ಮನೋಹರನಿಗೆ ಒಂದಿಷ್ಟು ಹಗುರಾಗುತ್ತಿತ್ತು.

ಉಳಿದದ್ದು ವಿರೂಪಾಕ್ಷಪ್ಪನವರ ಮನೆ. ಹೋಗಬೇಡಿ ಎಂದು ಅರುಣಾ ಹೇಳಿದಳು. ಅವರು ತೀರಿದ್ದು ಬಿಸ್ಕೀಟಿನಿಂದ ಎಂದು ಹೇಳಲಾಗದು, ಎಂಟು ವರ್ಷದ ಸಕ್ಕರೆ ಕಾಯಿಲೆ ಇತ್ತು, ಹೃದಯ ಮೊದಲೇ ಸೋತಿತ್ತು ಎಂದು ಡಾಕ್ಟರೂ ಅಂದರು. ದ್ರಾಕ್ಷಾಯಿಣಿ ಮಾತ್ರ ಹೋಗಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಮಾರ್ಚ್ ತಿಂಗಳ ಒಂದು ಭಾನುವಾರ ಮನೋಹರ ಹಾವೇರಿಯಲ್ಲಿ ಬಸ್ಸು ಬದಲಿಸಿ ಗುತ್ತಲಕ್ಕೆ ಹೋದ.

ಅವರ ಹೆಂಡತಿ ಗುತ್ತೆವ್ವ ಅವನನ್ನು ಕಂಡು ಸಂತೋಷಪಟ್ಟಳು. ಕಂಬಳಿ ಹಾಸಿ, "ಕುಂದ್ರಿ, ಕುಂದ್ರಿ. ನಮ್ಮನಿಯವರು ನಿಮ್ಮ ಹೆಸರ ತಗೊಳ್ಳದ ದಿನಾನ ಇರ್ಲಿಲ್ರಿ," ಎಂದು ಚಹಾ ಮಾಡಲು ಹೋದಳು. ಗೋಡೆಯ ಮೇಲೆ ವಿರೂಪಾಕ್ಷಪ್ಪನವರ ಫೋಟೊ ಇತ್ತು, ಖಾಕಿ ಅಂಗಿಯಲ್ಲಿ. ಚಹಾ ಬಂತು. ಮನೋಹರ ಬಟ್ಟಲು ಹಿಡಿದುಕೊಂಡೇ ಹೇಳಿದ. ಡಬ್ಬಿ, ಅಕ್ಷರ, ಮೀನಾಕ್ಷಿ ಹೇಳಿದ್ದು, ಎಲ್ಲ. ಗೊತ್ತಿರಲಿಲ್ಲ ಎಂದ. ತಪ್ಪಾಯಿತು ಎಂದ.

ಗುತ್ತೆವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು.

"ಅವತ್ತ ಮುಂಜಾನೆ ಅವರು ಏನೂ ಬ್ಯಾಡ ಅಂದ್ರು," ಎಂದಳು ನಿಧಾನವಾಗಿ. "ನಾನ ಒತ್ತಾಯ ಮಾಡಿ ಚಹಾದಾಗ ಅದ್ದಿ ಎರಡು ತಿನಿಸೀನಿ. ನನ್ನ ಕೈಯಾರೆ."

"ಎರಡರಿಂದ ಏನೂ ಆಗೂದಿಲ್ರಿ ಅಕ್ಕಾರ. ಅದು..."

"ಒಂಬತ್ತ ತಿಂಗಳು ತಿನಿಸೀನಲ್ರಿ."

ಮನೋಹರ ಗೋಡೆಯ ಫೋಟೊದ ಕಡೆ ನೋಡಿದ.

"ನೀವು ಇದನ್ನ ಯಾಕ ಹೇಳಾಕ ಬಂದ್ರಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಖರೇ ತಿಳಿಯದೆ ಕೇಳುತ್ತಿದ್ದಳು.

"ಹೇಳದಿದ್ರ ಮನಸ್ಸಿಗೆ ಸಮಾಧಾನ ಇರ್ಲಿಲ್ರಿ."

"ನಿಮ್ಮ ಮನಸ್ಸಿಗೆ," ಅಂದಳು ಗುತ್ತೆವ್ವ. "ನಾನು ಇಷ್ಟ ದಿನ, ಕಡೀಕ ಒಂದು ರುಚಿ ಆಗೂದು ತಿಂದ್ರಲ್ಲ ಅಂತ ನೆನಸಿಕೊಂಡು ಇದ್ದೆ. ಅದೊಂದ ಇತ್ತು ನೋಡ್ರಿ."

ಅವಳು ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಅವನು ಕಾಲು ತಾಸು ಕಾದು, ಬಟ್ಟಲನ್ನು ಕಂಬಳಿಯ ಪಕ್ಕ ಇಟ್ಟು, ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿಗೆ ನಡೆದ. ಬಿಸಿಲು ನೆತ್ತಿಯ ಮೇಲಿತ್ತು. ತಾನು ಹಗುರಾಗಲು ಬಂದು ಭಾರವನ್ನು ಆ ಹೆಂಗಸಿನ ತಲೆಯ ಮೇಲೆ ಇಳಿಸಿಹೋಗುತ್ತಿದ್ದೇನೆ ಎಂದು ಅವನಿಗೆ ತಿಳಿಯಿತು. ಹಿಂದೆ ತಿರುಗಿ ಹೋಗಿ ಸುಳ್ಳು ಎಂದು ಹೇಳಲೇ ಎಂದೂ ಒಂದು ಗಳಿಗೆ ಯೋಚಿಸಿದ. ಬಸ್ಸು ಬಂತು.

ಮನೆಯಲ್ಲಿ ದ್ರಾಕ್ಷಾಯಿಣಿ, "ಏನಂದ್ರು?" ಎಂದು ಕೇಳಿದಳು. ನಡೆದದ್ದನ್ನು ಹೇಳಿದ. ಅವಳು, "ಪಾಪ," ಅಂದಳು. ಯಾರಿಗೆ ಎಂದು ಅವನು ಕೇಳಲಿಲ್ಲ.

ಏಪ್ರಿಲಿನಲ್ಲಿ ಅವಳ ರಂಜಕ ಆರೂ ಮುಕ್ಕಾಲಿಗೆ ಇಳಿಯಿತು, ಮೇ ತಿಂಗಳಲ್ಲಿ ಐದೂವರೆಗೆ. ತುರಿಕೆ ಕಡಿಮೆಯಾಯಿತು. ಬಿಸ್ಮಿಲ್ಲಾಬಿಯದೂ ಇಳಿಯಿತು. ಗದರಿದ್ದ ಡಾಕ್ಟರು ರಿಪೋರ್ಟು ನೋಡಿ "ಗುಡ್" ಎಂದರು. ಬೇರೇನೂ ಅನ್ನಲಿಲ್ಲ, ದ್ರಾಕ್ಷಾಯಿಣಿಯೂ ಅವರಿಂದ ಏನೂ ಬಯಸಲಿಲ್ಲ. ಆದರೆ ಜೂನಿನಲ್ಲಿ ಅವಳ ಎಡಗಾಲಿನ ಎರಡು ಬೆರಳು ನೀಲಿಗಟ್ಟಿದವು, ವಾರದಲ್ಲಿ ಕಪ್ಪಾದವು. ಹುಬ್ಬಳ್ಳಿಯಲ್ಲಿ ಕಾಲಿನ ಎಕ್ಸ್‌ರೇ ತೆಗೆದರು. ಎಲುಬಿನ ಪಕ್ಕದಲ್ಲಿ ಬಿಳಿ ದಾರದಂಥ ಗೆರೆಗಳು ಕಂಡವು.

"ಇವು ರಕ್ತನಾಳ," ಎಂದು ಅಲ್ಲಿನ ಸರ್ಜನ್ನು ಬೆರಳಿಟ್ಟು ತೋರಿಸಿದರು. "ಎಕ್ಸ್‌ರೇದಾಗ ಕಾಣಬಾರದು. ಸುಣ್ಣ ಹಿಡದು ಕಲ್ಲಾಗ್ಯಾವ."

"ಈಗ ರಂಜಕ ಇಳದೈತಲ್ರಿ ಸಾಹೇಬ್ರ?" ಎಂದ ಮನೋಹರ.

"ಇಳದದ್ದು ಚೊಲೋ. ಕೂತಿದ್ದು ಹೋಗೂದಿಲ್ಲ."

ಎರಡೂ ಬೆರಳು ತೆಗೆದರು. ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಹೃದಯದ ನಾಳಗಳೂ ಹಾಗೇ ಇರಬಹುದು, ಮೆಟ್ಟಿಲು ಹತ್ತಬೇಡಿ, ಭಾರ ಎತ್ತಬೇಡಿ ಎಂದರು. ಮನೋಹರ ಅವಳ ಕಾಲಿನ ಪಟ್ಟಿಯನ್ನು ದಿನಾ ತಾನೇ ಬಿಚ್ಚಿ ಕಟ್ಟುತ್ತಿದ್ದ. ಅವಳು ಬೇಡ ಅನ್ನುತ್ತಿರಲಿಲ್ಲ. ಮೊದಲಿನ ಹಾಗೆ ಅವನ ಜೊತೆ ಮಾತೂ ಆಡುತ್ತಿರಲಿಲ್ಲ. ಬೇಕಾದದ್ದನ್ನು ಕೇಳುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ.

ದಸರೆ ಕಳೆದ ಮೇಲೆ ಅವಳು ಮನೆಯಲ್ಲಿ ಕೂತು ಬೇಸರವಾಗುತ್ತದೆ ಎಂದು ಬೇಕರಿಗೆ ಬರತೊಡಗಿದಳು. ಯಂತ್ರದ ದಿನಗಳನ್ನು ಬಿಟ್ಟು ಉಳಿದ ದಿನ ಗಲ್ಲಾದ ಪಕ್ಕ ಕುರ್ಚಿ ಹಾಕಿಕೊಂಡು, ಕಾಲನ್ನು ಒಂದು ಖಾಲಿ ತಗಡಿನ ಡಬ್ಬಿಯ ಮೇಲಿಟ್ಟು ಕೂರುತ್ತಿದ್ದಳು.

ಡಿಸೆಂಬರಿನಲ್ಲಿ ಒಂದು ದಿನ ಹಿರೇಕೆರೂರು ಕಡೆಯ ಒಬ್ಬ ಗೃಹಸ್ಥ ಬಂದ. ಕೈಯಲ್ಲಿ ದವಾಖಾನೆಯ ಫೈಲಿತ್ತು. ತಮ್ಮನಿಗೆ ಹಾವೇರಿಯಲ್ಲಿ ಡಯಾಲಿಸಿಸ್ ಶುರುವಾಗಿದೆ, ಇಲ್ಲಿ ಸಪ್ಪನ ಬಿಸ್ಕೀಟು ಸಿಗುತ್ತದಂತೆ, ಅಲ್ಲಿ ಯಾರೋ ಹೇಳಿದರು ಎಂದ. ಮನೋಹರ ಒಳಗೆ ಮೈದಾ ನಾದುತ್ತಿದ್ದ. ಅವನ ಕೈ ನಿಂತಿತು.

"ಅದನ್ನ ಈಗ ಮಾಡೂದಿಲ್ರಿ," ಎಂದಳು ದ್ರಾಕ್ಷಾಯಿಣಿ.

"ಯಾಕ್ರಿ ಅಕ್ಕಾರ? ದೂರದಿಂದ ಬಂದೀನಿ."

ಅವಳು ಅವನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಅಂಗನವಾಡಿಯಲ್ಲಿ ತಾಯಂದಿರಿಗೆ ಹೇಳುತ್ತಿದ್ದ ಹಾಗೆಯೇ, ಒಂದೊಂದೇ ಮಾತು ಬಿಡಿಸಿ ಹೇಳತೊಡಗಿದಳು. ಉಬ್ಬುವ ಪುಡಿಯಲ್ಲಿ ಏನಿರುತ್ತದೆ, ಡಬ್ಬಿಯ ಮೇಲೆ ಯಾವ ಅಕ್ಷರ ಹುಡುಕಬೇಕು, ಓದಲು ಬಾರದಿದ್ದರೆ ಯಾರಿಂದ ಓದಿಸಬೇಕು. ಕರಿ ಬಣ್ಣದ ತಂಪು ಪಾನೀಯ ಕೊಡಬೇಡಿ, ಪ್ಯಾಕೆಟ್ಟಿನ ಶಾವಿಗೆ ಕೊಡಬೇಡಿ. ತಾನು ತಿಂದದ್ದು ಎಷ್ಟು, ಏರಿದ್ದು ಎಷ್ಟು ಎಂದಳು. ಸೀರೆಯ ಅಂಚು ಸರಿಸಿ ಕಾಲು ತೋರಿಸಿದಳು. ಗಂಡನೇ ಮಾಡಿಕೊಟ್ಟದ್ದು ಎಂದೂ ಹೇಳಿದಳು. ದನಿ ಏರಿಸಲಿಲ್ಲ, ಇಳಿಸಲಿಲ್ಲ. ಪರದೆಯ ಆಚೆ ಮನೋಹರ ಎಲ್ಲವನ್ನೂ ಕೇಳುತ್ತ ನಿಂತಿದ್ದ. ಬಂದವರಿಗೆ ಅವಳು ಹೀಗೆ ಹೇಳುತ್ತಿರುವುದು ಎಷ್ಟನೆಯ ಸಲ ಎಂದು ಅವನಿಗೆ ಗೊತ್ತಿತ್ತು.

ಬಂದವನು ಫೈಲನ್ನು ಎದೆಗೆ ಒತ್ತಿಕೊಂಡಿದ್ದ. "ಅವಗ ಏನೂ ಸೇರವಲ್ದರಿ. ಒಣಗಿ ಕಡ್ಡಿ ಆಗ್ಯಾನ. ಮತ್ತ ಏನ ತಿನಿಸೂದು ನಾವು?"

"ಅನ್ನ," ಅಂದಳು ದ್ರಾಕ್ಷಾಯಿಣಿ. "ಒಂದ ತುತ್ತ ಆದ್ರೂ ಸರಿ. ಮತ್ತ ಆತ ತಿಂದಿಲ್ಲ ಅಂತ ಹೇಳಿದ್ರ, ನಂಬ್ರಿ."